ಜೊಂಪು

ತೋಳನೂರೆ ವಕೀಲರ ಹತ್ತಿರ ನಾನು ಗುಮಾಸ್ತನಾಗಿ ಸೇರಿದಾಗ
ಸೊಲ್ಲಾಪುರದ ಗಿರಣಿಗಳು ಇನ್ನೂ ಮೂರು ಪಾಳಿ ಕೂಗುತ್ತಿದ್ದವು.
ಕೋರ್ಟಿನಲ್ಲಿ ಮರಾಠಿ, ತೀರ್ಪಿನಲ್ಲಿ ಇಂಗ್ಲಿಷು,
ಕಕ್ಷಿದಾರ ಅಳುವಾಗ ಮಾತ್ರ ಕನ್ನಡ.
ಮೂರರಲ್ಲೂ ಪಳಗಿದವರು ಅವರು. ಆದರೆ
ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ.
ಜಡ್ಜ್ ಸಾಹೇಬರು ತಾವಾಗಿ ಚಾಚಿದರೂ
ಅಂಗೈ ಜೋಡಿಸಿ ‘ಶರಣ್ರೀ’ ಅಂದುಬಿಡುವರು.
ಮಡಿ ಅಂದುಕೊಂಡಿತ್ತು ಬಾರ್ ರೂಮು.

ತಿಂಗಳ ಎರಡನೇ ಶನಿವಾರ ಸಂಜೆ
ರೈಲ್ವೆ ಲೈನಿನಾಚೆ ಭೂತಬಂಗ್ಲೆಗೆ ಸೈಕಲ್ ಹೊಡೆಯುತ್ತಿದ್ದೆ,
ಅವರ ಚಪ್ಪಟೆ ಪೆಟ್ಟಿಗೆ ಹ್ಯಾಂಡಲಿಗೆ ತೂಗುಹಾಕಿ.
ಒಳಗೆ ತಲೆಬುರುಡೆ ಇದೆ ಅನ್ನುವರು ಟಾಂಗಾದವರು,
ಕೋಳಿ ಕೊಯ್ಯುತ್ತಾರೆ ಅನ್ನುವಳು ನಮ್ಮವ್ವ.
ಕಿಟಕಿಯ ಸೀಳಿನಲ್ಲಿ ನಾನು ಕಂಡದ್ದು
ಕರಿಬಿಳಿ ಹಾಸುಗಲ್ಲು, ಮೂಲೆಮಟ್ಟ, ಕೈವಾರ,
ಗವಂಡಿ ಕೆಲಸದ ಸಾಮಾನು. ಗವಂಡಿ ಒಬ್ಬನೂ ಇಲ್ಲ.
ಪಾರ್ಸಿ ಡಾಕ್ಟರು, ಗಿರಣಿ ಮ್ಯಾನೇಜರು, ಬೋಹ್ರಾ ಗಡಿಯಾರದವರು,
ಸೊಂಟಕ್ಕೆ ಬಿಳಿ ತೊಗಲು ಕಟ್ಟಿಕೊಂಡು
ಮೂರು ಸಲ ಬಡಿದವರಿಗೆ ಮಾತ್ರ ಬಾಗಿಲು ತೆರೆಯುವವರು.

ಒಂದು ಮೇ ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತು
ನಾನು ಟೈಪ್‌ರೈಟರಿನ ಮೇಲೆ ತೂಗಿದೆ.
ಬೈಯಲಿಲ್ಲ. ‘ನಿದ್ದಿನೋ, ಜೊಂಪೋ?’ ಅಂದರು.
ಜೊಂಪ್ರೀ, ಅಂದೆ.
‘ಹಂಗಾದ್ರ ಕೇಳಸ್ತದ’ ಎಂದು ಶುರು ಮಾಡಿದರು.

ಬಸ್ರಾ, ನಲವತ್ತಮೂರನೆಯ ಇಸವಿ. ಕ್ಯಾಪ್ಟನ್ ತೋಳನೂರೆ.
ಪೆಟ್ರೋಲ್ ಪೀಪಾಯಿಗಳ ಕಾವಲಿಗೆ ಸಿಪಾಯಿ ಅಮೋಗಿ,
ಹುಲಜಂತಿ ಕಡೆಯ ಕುರುಬರ ಹುಡುಗ.
ಬಂದೂಕಿಗೆ ಗದ್ದ ಊರಿ ಕಣ್ಣು ಮುಚ್ಚಿದ್ದ.
ಗುಡಾರದಲ್ಲಿ ಕೋರ್ಟ್‌ಮಾರ್ಷಲ್.
ಅವನ ಮಾತು ತಿಳಿದದ್ದು ಇವರೊಬ್ಬರಿಗೇ,
ಹಾಗಾಗಿ ಇವರೇ ವಕೀಲ, ಇವರೇ ದುಭಾಷಿ.
‘ನಿದ್ದಿ ಅಲ್ರೀ ಸಾಹೇಬ್ರ, ಜೊಂಪು.
ಬಡಿಗಿ ಮ್ಯಾಲ ಗದ್ದ ಇಟ್ಟು ನಮ್ಮಪ್ಪ ರಾತ್ರೆಲ್ಲ ಹಿಂಗ ನಿಲ್ತಿದ್ದ.
ಕಣ್ಣು ಮುಚ್ಚಿರ್ತಾವು, ಕಿವಿ ಮುಚ್ಚಂಗಿಲ್ಲ.
ತ್ವಾಳ ಬಂದ್ರ ಕುರಿಗಿಂತ ಮೊದಲ ಗೊತ್ತಾಗ್ತದ.’
ನಾಲ್ಕು ಥರ ಇಂಗ್ಲಿಷಿಗಿಳಿಸಿದರಂತೆ ಇವರು.
ಬರೆದುಕೊಳ್ಳುವವನ ಪೆನ್ಸಿಲು
ನಾಲ್ಕು ಸಲವೂ ಒಂದೇ ಶಬ್ದ ಬರೆಯಿತು.

ಚಹಾದ ಹೊತ್ತಿಗೆ ಗುಡಾರದ ಹಿಂದೆ
ಪೀಠದಲ್ಲಿದ್ದ ಕರ್ನಲ್ ಕೈ ಚಾಚಿದ.
ಅವನ ಹೆಬ್ಬೆರಳು ಬಂದು ಕೂತಿತು
ಕೂರಬೇಕಾದ ಗೆಣ್ಣಿನ ಮೇಲೇ.
‘ತಿರುಗಿ ಒತ್ತಿದ್ರ ಹುಡುಗ ಉಳೀತಿದ್ದನೇನೋ.
ಒತ್ತಿದ್ರ ನಾ ಮತ್ತ ಕರಿ ಕೋಟು ಹಾಕಂಗಿರಲಿಲ್ಲ.’
ಕೈಯನ್ನು ಸಡಿಲ ಬಿಟ್ಟರಂತೆ, ಬೇರೆಯವರದೆಂಬಂತೆ.
ಐದು ವರ್ಷ ಸಜೆ.
ಎರಡನೆಯ ವರ್ಷ ಜ್ವರದಲ್ಲಿ ಹೋದ.
ನಿದ್ದೆಯಲ್ಲೇ, ಎಂದಿತ್ತು ಸರಕಾರದ ಕಾಗದ.

‘ಒತ್ತಬೇಕಿತ್ತೇನು?’
ನನ್ನನ್ನು ಕೇಳಿದ್ದಲ್ಲ ಅನಿಸಿತು. ರಿಬ್ಬನ್ ಸರಿಮಾಡಿದೆ.
ಕರೆಂಟು ಬಂತು. ‘ಅಕ್ಕಲಕೋಟಿ ಹೊಲದ ದಾವಾ,
ಮೂರನೇ ಪ್ರತಿ ತಗಿ’ ಅಂದರು.

ಆಮೇಲೂ ಶನಿವಾರ ತಪ್ಪಿಸಲಿಲ್ಲ.
ಒಳಗೆ ತಮ್ಮವರ ಕೈ ಹಿಡಿಯುತ್ತಿದ್ದರೋ ಇಲ್ಲವೋ,
ಕಿಟಕಿಯ ಸೀಳು ಅಷ್ಟು ಅಗಲವಿರಲಿಲ್ಲ.

ವಿಭೂತಿ ಹಚ್ಚಿ ಗುಣಿಯಲ್ಲಿ ಕುಳ್ಳಿರಿಸುವಾಗ
ಬೋಹ್ರಾ ಮುದುಕರು ಆ ಬಿಳಿ ತೊಗಲು ತಂದರು,
ಜೊತೆಗಿಡಬೇಕು, ಅದು ರೂಢಿ ಎಂದು.
‘ಯಾವುದರ ತೊಗಲು?’ ಕೇಳಿದರು ಅಯ್ಯನವರು.
ಕುರಿಮರಿದು, ಅಂದೆ.
‘ಬ್ಯಾಡ.’

ಅದು ನನ್ನ ಟ್ರಂಕಿನಲ್ಲಿದೆ, ಡಾಂಬರು ಗುಳಿಗೆ ಹಾಕಿಟ್ಟಿದ್ದೇನೆ.
ಗಿರಣಿ ಈಗ ಕೂಗುವುದಿಲ್ಲ; ಹೊತ್ತು ತಿಳಿಯದೆ
ಛತ್ರಿಯ ಹಿಡಿಗೆ ಗದ್ದ ಊರಿ ಪಡಸಾಲೆಯಲ್ಲಿ ಕೂರುತ್ತೇನೆ.
ನಿದ್ದೆ ಹೋದ ಅಜ್ಜ, ಅನ್ನುತ್ತಾಳೆ ಸೊಸೆ.
ಕೇಳಿಸುತ್ತದೆ.
ಮೂರು ಸಲ ಯಾರೂ ಬಡಿಯುವುದಿಲ್ಲ.
ಓಣಿಯ ಹುಡುಗರು ಬೆಲ್ಲು ಒತ್ತಿ ಓಡುತ್ತಾರೆ.